ಕ್ರಿಸ್ತನ ಸತ್ಯ, ಚರ್ಚಿನ ಗಡಿ

ಕ್ರೈಸ್ತಧರ್ಮಕ್ಕೂ ಧಾರ್ಮಿಕ ಬಹುತ್ವಕ್ಕೂ ಹೊಂದಿಕೆಯಾದೀತೆ ಎಂದು ಕೇಳಿದಾಗಲೆಲ್ಲ ಹೊಸ ಒಡಂಬಡಿಕೆಯ ಎರಡು ಮಾತುಗಳು ಎದುರಿಗೆ ಬಂದು ನಿಲ್ಲುತ್ತವೆ. ತನ್ನ ಮೂಲಕವೇ ಹೊರತು ತಂದೆಯ ಬಳಿಗೆ ಬೇರೆ ದಾರಿಯಿಲ್ಲವೆಂದು ಯೇಸು ಹೇಳುವುದು ಯೋಹಾನನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ರಕ್ಷಣೆ ಕೊಡುವ ಹೆಸರು ಮತ್ತೊಂದಿಲ್ಲವೆಂದು ಪೇತ್ರ ಸಾರುವುದು ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯದಲ್ಲಿದೆ. ಇವನ್ನು ಓದಿದ ಕೆಲವರು ಚರ್ಚೆ ಅಲ್ಲಿಗೇ ಮುಗಿಯಿತೆನ್ನುತ್ತಾರೆ. ಇನ್ನು ಕೆಲವರು ಆ ಮಾತುಗಳನ್ನು ಆ ಕಾಲದ ಭಕ್ತಿಯ ಉತ್ಪ್ರೇಕ್ಷೆಯೆಂದು ಬದಿಗಿಡುತ್ತಾರೆ. ಕ್ರೈಸ್ತರು ನೆರೆಹೊರೆಯವರೊಂದಿಗೆ ಸೌಹಾರ್ದದಿಂದ ಬಾಳಬಹುದೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಅದು ನಾಗರಿಕತೆಗೆ ಸೇರಿದ್ದು, ನಮ್ಮ ಸಂವಿಧಾನ ಅದಕ್ಕೆ ಉತ್ತರ ಕೊಟ್ಟಾಗಿದೆ. ಕ್ರಿಸ್ತನನ್ನು ಮನಸಾರೆ ನಂಬುವವನು ತನ್ನ ನಂಬಿಕೆಯ ಒಳಗಿನಿಂದಲೇ, ಅದನ್ನು ಸಡಿಲಿಸದೆಯೇ, ಬೇರೊಂದು ಧರ್ಮದಲ್ಲಿ ದೇವರ ಕೈ ಕೆಲಸ ಮಾಡಿದೆಯೆಂದು ಒಪ್ಪಲು ಸಾಧ್ಯವೇ ಎಂಬುದೇ ನಿಜವಾದ ಕಷ್ಟ. ಸಾಧ್ಯ ಎಂದು ನಾನು ವಾದಿಸುತ್ತೇನೆ. ಕ್ರಿಸ್ತ ಯಾರು ಎಂಬ ನಂಬಿಕೆಯೂ ದೇವರ ಕೃಪೆ ಎಲ್ಲಿಗೆ ನಿಲ್ಲುತ್ತದೆ ಎಂಬ ತೀರ್ಪೂ ಎರಡು ಬೇರೆ ಸಂಗತಿಗಳು. ಮೊದಲನೆಯದನ್ನು ಬಿಟ್ಟರೆ ಕ್ರೈಸ್ತಧರ್ಮ ಉಳಿಯುವುದಿಲ್ಲ. ಎರಡನೆಯದನ್ನು ಚರ್ಚು ತನ್ನ ಇತಿಹಾಸದುದ್ದಕ್ಕೂ ಬದಲಿಸುತ್ತಲೇ ಬಂದಿದೆ.

ಚರ್ಚಿನ ಹೊರಗೆ ರಕ್ಷಣೆಯಿಲ್ಲ ಎಂಬ ಸೂತ್ರದ ಕಥೆಯನ್ನೇ ನೋಡಬಹುದು. ಅದು ಮೂರನೆಯ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ನ ಹೆಸರಿನೊಂದಿಗೆ ಅಂಟಿಕೊಂಡಿದೆ. ರೋಮನ್ ಚಕ್ರವರ್ತಿಗಳ ಹಿಂಸೆಗೆ ಸಿಕ್ಕಿ ನಲುಗಿದ್ದ, ಒಳಗೇ ಒಡೆದುಹೋಗುತ್ತಿದ್ದ ಸಭೆಯೊಂದರ ಮುಖಂಡ ಆತ. 258ರಲ್ಲಿ ತಾನೂ ಹುತಾತ್ಮನಾದ. ಅವನ ಕಣ್ಣ ಮುಂದಿದ್ದವರು ಸಭೆಯಿಂದ ಸಿಡಿದು ಬೇರೆ ಪಂಗಡ ಕಟ್ಟಿಕೊಂಡ ಕ್ರೈಸ್ತರು. ಬೌದ್ಧರಾಗಲಿ, ಸುವಾರ್ತೆಯನ್ನು ಕೇಳಿಯೇ ಇರದ ದೂರದ ಜನರಾಗಲಿ ಆ ವಾದದ ವಿಷಯವೇ ಆಗಿರಲಿಲ್ಲ. ಅವನಿಗಿಂತ ನೂರು ವರ್ಷ ಹಿಂದೆ ಜಸ್ಟಿನ್ ಎಂಬ ಇನ್ನೊಬ್ಬ ಹುತಾತ್ಮ, ಕ್ರಿಸ್ತನಲ್ಲಿ ಮೈತಳೆದ ದೈವೀ ವಾಕ್ಯದ ಬೀಜ ಎಲ್ಲ ಮನುಷ್ಯರಲ್ಲೂ ಬಿದ್ದಿದೆ, ಅದರಂತೆ ಬದುಕಿದ ಸಾಕ್ರಟೀಸನೂ ಹೆರಾಕ್ಲಿಟಸನೂ ಕ್ರೈಸ್ತರೇ ಎಂದು ಬರೆದಿದ್ದ. ಆದರೆ ಚರ್ಚು ಸಾಮ್ರಾಜ್ಯದ ಧರ್ಮವಾದ ಮೇಲೆ ಸಿಪ್ರಿಯನ್‌ನ ಎಚ್ಚರಿಕೆ ಜಗತ್ತಿನ ಭೂಪಟವನ್ನೇ ಇಬ್ಭಾಗ ಮಾಡುವ ಗೆರೆಯಾಯಿತು. 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ ಅನ್ಯಧರ್ಮೀಯರನ್ನೂ ಯೆಹೂದ್ಯರನ್ನೂ, ಪಂಥ ಬಿಟ್ಟು ಹೋದ ಕ್ರೈಸ್ತರನ್ನೂ ಸಾಯುವ ಮುನ್ನ ಚರ್ಚನ್ನು ಸೇರದಿದ್ದರೆ ನಿತ್ಯದ ಬೆಂಕಿಗೆ ಗುರಿಯೆಂದು ಘೋಷಿಸಿತು. ಯುರೋಪಿನ ಹಡಗುಗಳು ಅಮೆರಿಕವನ್ನು ಮುಟ್ಟುವುದಕ್ಕೆ ಆಗ ಇನ್ನೂ ಐವತ್ತು ವರ್ಷವಿತ್ತು. ಸುವಾರ್ತೆ ಎಲ್ಲೆಡೆ ಮುಟ್ಟಿಯಾಗಿದೆ, ಒಪ್ಪದವರು ತಿಳಿದೂ ತಿಳಿದೂ ತಿರಸ್ಕರಿಸಿದವರು ಎಂದು ಭಾವಿಸಿದ್ದವರ ತೀರ್ಪು ಅದು.

ಮುಂದಿನ ಐದು ಶತಮಾನಗಳಲ್ಲಿ ಆ ಗೆರೆ ಸರಿಯುತ್ತ ಹೋಯಿತು. ಬಾಸ್ಟನ್ನಿನ ಲಿಯೊನಾರ್ಡ್ ಫೀನಿ ಎಂಬ ಪಾದ್ರಿ ಹಳೆಯ ಸೂತ್ರವನ್ನು ಅಕ್ಷರಶಃ ಹಿಡಿದು ಬೋಧಿಸತೊಡಗಿದಾಗ, ಆ ಅರ್ಥ ಸರಿಯಲ್ಲವೆಂದು 1949ರಲ್ಲಿ ರೋಮ್ ಪತ್ರ ಬರೆಯಿತು. ಕರೆದರೂ ರೋಮಿಗೆ ಬಾರದೆ ಮೊಂಡು ಹಿಡಿದ ಅವನನ್ನು 1953ರಲ್ಲಿ ಬಹಿಷ್ಕರಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮದಲ್ಲದ ಕಾರಣಕ್ಕೆ ಸುವಾರ್ತೆಯನ್ನು ಅರಿಯದೆ ಮನಸ್ಸಾಕ್ಷಿಯಂತೆ ದೇವರನ್ನು ಅರಸುವವರಿಗೂ ರಕ್ಷಣೆ ಉಂಟೆಂದಿತು. 1965ರ ಅಕ್ಟೋಬರ್ 28ರಂದು ಹೊರಬಂದ 'ನೋಸ್ತ್ರಾ ಎತಾತೆ' ಘೋಷಣೆ ಹಿಂದೂ, ಬೌದ್ಧ, ಇಸ್ಲಾಂ, ಯೆಹೂದ್ಯ ಧರ್ಮಗಳನ್ನು ಹೆಸರಿಸಿ, ಅವುಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಚರ್ಚು ನಿರಾಕರಿಸುವುದಿಲ್ಲವೆಂದಿತು. ಫ್ಲಾರೆನ್ಸಿನ ವಾಕ್ಯವನ್ನು ಇದರ ಪಕ್ಕದಲ್ಲಿಟ್ಟು ಓದಿ, ಎರಡೂ ಒಂದೇ ಎಂದು ಪ್ರಾಮಾಣಿಕವಾಗಿ ಹೇಳಲಾಗದು. ಹಾಗಿದ್ದೂ ಈ ಎಲ್ಲ ಕಾಲದಲ್ಲಿ ಕ್ರಿಸ್ತನ ಬಗೆಗಿನ ನಂಬಿಕೆ ಎಳ್ಳಷ್ಟೂ ಸರಿಯಲಿಲ್ಲ. 1442ರಲ್ಲೂ 1965ರಲ್ಲೂ ಆತ ದೇವರ ಮಗ, ಶಿಲುಬೆಯಲ್ಲಿ ಸತ್ತು ಎದ್ದವನು, ಎಲ್ಲರ ರಕ್ಷಕ. ಒಂದು ಅಲುಗದೆ ಇನ್ನೊಂದು ಇಷ್ಟು ದೂರ ಸರಿಯಬಹುದಾದರೆ ಅವೆರಡನ್ನೂ ಬಿಗಿದ ಗಂಟು ನಾವಂದುಕೊಂಡಷ್ಟು ಬಲವಾದದ್ದಲ್ಲ.

ಇದೆಲ್ಲ ಆಧುನಿಕ ಕಾಲದ ಒತ್ತಡಕ್ಕೆ ಚರ್ಚು ಬಾಗಿದ್ದರ ಫಲ, ಬೈಬಲ್ಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಂಪ್ರದಾಯನಿಷ್ಠ ಪ್ರೊಟೆಸ್ಟೆಂಟರು ಆಕ್ಷೇಪಿಸುತ್ತಾರೆ. ಹಾಗಾದರೆ ಬೈಬಲ್ಲನ್ನೇ ಕೇಳೋಣ. ಯೋಹಾನನ 14ನೇ ಅಧ್ಯಾಯ ಕೊನೆಯ ಊಟದ ರಾತ್ರಿಯ ಮಾತು. ಗುರು ಅಗಲಿ ಹೋಗುತ್ತಾನೆಂದು ಕಂಗೆಟ್ಟ ತೋಮ, ದಾರಿ ಗೊತ್ತಾಗುವುದು ಹೇಗೆಂದು ಕೇಳುತ್ತಾನೆ. ಯೇಸು ಅವನಿಗೆ ಉತ್ತರ ಕೊಡುತ್ತಾನೆ. ಜಗತ್ತಿನ ಧರ್ಮಗಳ ಕುರಿತ ವಿಚಾರಣೆ ಅಲ್ಲಿ ನಡೆದಿಲ್ಲ. ಪೇತ್ರನ ಮಾತೂ ಒಬ್ಬ ಕುಂಟ ಯಾರ ಹೆಸರಿನಿಂದ ನಡೆದಾಡಿದನೆಂದು ಯೆಹೂದ್ಯ ಹಿರಿಯಸಭೆ ಕೇಳಿದ್ದಕ್ಕೆ ಕೊಟ್ಟ ಉತ್ತರ. ಅದೇ ಪೇತ್ರ, ಅದೇ ಗ್ರಂಥದಲ್ಲಿ, ಆರೇ ಅಧ್ಯಾಯಗಳ ನಂತರ ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಗೆ ಹೋಗುತ್ತಾನೆ. ಅವನು ಹೋಗುವ ಮೊದಲೇ ಕೊರ್ನೇಲ್ಯನ ಪ್ರಾರ್ಥನೆ ದೇವರಿಗೆ ಮುಟ್ಟಿರುತ್ತದೆ. ದೀಕ್ಷಾಸ್ನಾನಕ್ಕೆ ಮೊದಲೇ ಆ ಮನೆಯವರ ಮೇಲೆ ಪವಿತ್ರಾತ್ಮ ಇಳಿಯುತ್ತದೆ. ದೇವರು ಪಕ್ಷಪಾತಿಯಲ್ಲವೆಂದು ಅಲ್ಲಿ ಹೊಸದಾಗಿ ಕಲಿತವನು ಪೇತ್ರ. ಕೊರ್ನೇಲ್ಯ ಕೊನೆಗೆ ಕ್ರೈಸ್ತನಾದನಲ್ಲ ಎಂದು ಯಾರಾದರೂ ನೆನಪಿಸಬಹುದು. ಆದದ್ದು ನಿಜ; ಆದರೆ ಅದಕ್ಕೆ ಮುಂಚಿನ ಅವನ ಪ್ರಾರ್ಥನೆ ವ್ಯರ್ಥವೆಂದು ಆ ಗ್ರಂಥದ ಕರ್ತೃ ಲೂಕ ಬರೆಯಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಮತ್ತಾಯನ 25ನೇ ಅಧ್ಯಾಯದ ಕೊನೆಯ ತೀರ್ಪಿನ ಪ್ರಸಂಗ. ಎಲ್ಲ ಜನಾಂಗಗಳೂ ರಾಜನ ಮುಂದೆ ನಿಂತಿವೆ. ಹಸಿದವರಿಗೆ ಉಣ್ಣಲಿಕ್ಕಿದವರನ್ನು, ಸೆರೆಯಲ್ಲಿದ್ದವರನ್ನು ನೋಡಲು ಹೋದವರನ್ನು ರಾಜ ತನ್ನವರೆನ್ನುತ್ತಾನೆ. ಅವರಿಗೆ ಆಶ್ಚರ್ಯ, ನಿನ್ನನ್ನು ನಾವು ಕಂಡದ್ದು ಯಾವಾಗ ಎಂದು ಕೇಳುತ್ತಾರೆ. ಈ ಪ್ರಸಂಗದಲ್ಲಿ ಕ್ರಿಸ್ತನ ಸ್ಥಾನ ಕಿಂಚಿತ್ತೂ ಕುಗ್ಗಿಲ್ಲ. ತೀರ್ಪು ಕೊಡುವವನು ಅವನೇ, ಸೇವೆ ಪಡೆದವನೂ ಅವನೇ. ಆದರೆ ಅವನಿಗೆ ಸೇರಿದವರಿಗೆ ತಾವು ಸೇರಿದವರೆಂಬುದೇ ತಿಳಿದಿಲ್ಲ. ಆ ಬಡವರು ಶಿಷ್ಯರೇ, ಆ ಜನಾಂಗಗಳು ಯಾರು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಯಾವ ವ್ಯಾಖ್ಯಾನ ಹಿಡಿದರೂ ಈ ಅಚ್ಚರಿಯನ್ನು ಅಳಿಸಲಾಗದು. ಕ್ರಿಸ್ತನ ಅನನ್ಯತೆಯನ್ನು ಅತಿ ಎತ್ತರದಲ್ಲಿ ಸಾರುವ ಈ ಪ್ರಸಂಗವೇ, ಯಾರು ಒಳಗೆ ಯಾರು ಹೊರಗೆ ಎಂದು ಹೇಳುವ ಅಧಿಕಾರವನ್ನು ಅನುಯಾಯಿಗಳ ಕೈಯಿಂದ ತೆಗೆದುಕೊಂಡುಬಿಡುತ್ತದೆ.

ಇಂಗ್ಲೆಂಡಿನ ದಾರ್ಶನಿಕ ಜಾನ್ ಹಿಕ್ ಇಷ್ಟಕ್ಕೆ ತೃಪ್ತಿಪಡಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಪಾಠ ಹೇಳುತ್ತಿದ್ದ ಅವರು ವಲಸೆ ಬಂದವರ ಮಸೀದಿ, ಗುರುದ್ವಾರ, ದೇವಾಲಯಗಳಲ್ಲಿ ತಮ್ಮ ಚರ್ಚಿನಲ್ಲಿ ನಡೆಯುವಂಥದ್ದೇ ನಡೆಯುವುದನ್ನು ಕಂಡರು. ಸಂತರನ್ನು, ನಿಸ್ವಾರ್ಥಿಗಳನ್ನು ಬೆಳೆಸುವುದರಲ್ಲಿ ಯಾವ ಧರ್ಮವೂ ಉಳಿದವಕ್ಕಿಂತ ಎದ್ದು ಕಾಣುವಷ್ಟು ಮುಂದಿಲ್ಲವೆಂಬುದು ಅವರ ವಾದದ ಬುನಾದಿ. ಆ ಬುನಾದಿಯನ್ನು ನಾನು ಗೌರವಿಸುತ್ತೇನೆ. ಅದನ್ನು ಅಲ್ಲಗಳೆಯುವ ಕ್ರೈಸ್ತ ತನ್ನ ಸುತ್ತಲಿನ ಜನರನ್ನು ಸರಿಯಾಗಿ ನೋಡಿಲ್ಲ. ಅದರ ಮೇಲೆ ಹಿಕ್ ಕಟ್ಟಿದ್ದು ಮಾತ್ರ ಬೇರೆಯೇ. 1973ರಲ್ಲಿ ಅವರು ಕೊಪರ್ನಿಕಸ್‌ನಂಥ ಪಲ್ಲಟ ಬೇಕೆಂದರು: ಕೇಂದ್ರದಲ್ಲಿ ಕ್ರಿಸ್ತ ಬೇಡ, ದೇವರಿರಲಿ. ಬೌದ್ಧರಿಗೆ ದೇವರೆಂಬುದೇ ಕೇಂದ್ರವಲ್ಲವಾದ್ದರಿಂದ ಮುಂದೆ ದೇವರ ಬದಲು ಹೆಸರು, ಗುಣಗಳಿಲ್ಲದ ಪರಮಸತ್ ಬಂತು. ಯೇಸು ದೇವರ ಅವತಾರವೆಂಬುದು ರೂಪಕವಾಯಿತು. ಇಲ್ಲಿ ಆದದ್ದನ್ನು ಗಮನಿಸಬೇಕು. ಕುರ್‌ಆನ್ ದೇವರ ನೇರ ನುಡಿಯೆನ್ನುವ ಮುಸ್ಲಿಮನೂ, ನಿತ್ಯವಾದ ಯಾವ ಸತ್ತೂ ಇಲ್ಲವೆನ್ನುವ ಬೌದ್ಧನೂ, ಶಿಲುಬೆಯ ಮೇಲಿದ್ದವನು ದೇವರೇ ಎನ್ನುವ ಕ್ರೈಸ್ತನೂ ತಮ್ಮ ಹೃದಯಕ್ಕೆ ಹತ್ತಿರವಾದುದರಲ್ಲೇ ತಪ್ಪಿದ್ದಾರೆ, ಅವರೆಲ್ಲ ಅರಿಯದ್ದನ್ನು ಅರಿತವನು ಹಿಕ್‌ವಾದಿ ಒಬ್ಬನೇ ಎಂದಾಯಿತು. ದಕ್ಷಿಣ ಭಾರತದ ಚರ್ಚಿನಲ್ಲಿ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಇದನ್ನು ಆನೆ ಮುಟ್ಟಿದ ಕುರುಡರ ಕಥೆಯಿಂದಲೇ ಬಿಡಿಸಿ ತೋರಿಸಿದರು. ಕಥೆಯಲ್ಲಿ ಆನೆಯನ್ನು ಪೂರ್ತಿ ಕಂಡ ರಾಜನೊಬ್ಬನಿದ್ದಾನೆ. ಆ ಕಥೆ ಹೇಳುವವನು ತನ್ನನ್ನು ರಾಜನ ಜಾಗದಲ್ಲಿಟ್ಟುಕೊಂಡಿರುತ್ತಾನೆ. ಬಹುತ್ವವನ್ನು ಉಳಿಸಲು ಎಲ್ಲ ಧರ್ಮಗಳಿಂದಲೂ ಅವುಗಳ ವಿಶಿಷ್ಟ ನಂಬಿಕೆಯನ್ನು ಕಿತ್ತುಕೊಂಡರೆ ಉಳಿಯುವುದು ಬಹುತ್ವವಲ್ಲ.

ಹಿಕ್‌ಗಿಂತ ಆಳವಾಗಿ ಈ ಬಿಕ್ಕಟ್ಟನ್ನು ಅನುಭವಿಸಿದವರು ನಮ್ಮ ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದು, ಬೆಂಗಳೂರು ಮತ್ತು ಸೇರಾಂಪುರಗಳಲ್ಲಿ ಕಲಿಸಿ, ಜಿನೀವಾದ ಚರ್ಚುಗಳ ಜಾಗತಿಕ ಒಕ್ಕೂಟಕ್ಕೆ ಹೋದ ಅವರು, 1971ರಲ್ಲಿ ಅಲ್ಲಿ ಅಂತರ್ಧರ್ಮೀಯ ಸಂವಾದಕ್ಕೆಂದು ಶುರುವಾದ ವಿಭಾಗದ ಮೊದಲ ನಿರ್ದೇಶಕರು. ಅದಕ್ಕೂ ಮುಂಚೆ, 1970ರ ಮಾರ್ಚಿನಲ್ಲಿ, ಲೆಬನಾನಿನ ಅಜಲ್ತೂನ್‌ನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ, ಕ್ರೈಸ್ತರನ್ನು ಒಂದೆಡೆ ಕೂರಿಸಿದ ಸಭೆಯ ಹಿಂದೆ ಅವರ ಕೈಯಿತ್ತು. 1975ರ ನೈರೋಬಿ ಮಹಾಧಿವೇಶನಕ್ಕೆ ಇತರ ಧರ್ಮದವರು ಅತಿಥಿಗಳಾಗಿ ಬಂದಾಗ, ಎಲ್ಲವನ್ನೂ ಕಲಸಿ ಒಂದು ಮಾಡುವ ಹುನ್ನಾರವಿದು ಎಂದು ಯುರೋಪಿನ ಹಲವು ಪ್ರತಿನಿಧಿಗಳು ಸಿಡಿದೆದ್ದರು; ಸಂವಾದವೆಂದರೆ ನೆರೆಯವರೊಂದಿಗೆ ಬದುಕುವ ರೀತಿಯೇ ಆಗಿದ್ದ ಏಷ್ಯಾದವರಿಗೆ ಆ ಭಯ ಅರ್ಥವಾಗಲಿಲ್ಲ. 1991ರಲ್ಲಿ ಪ್ರಕಟವಾದ ಸಮರ್ಥರ ಪುಸ್ತಕದಲ್ಲಿ ಒಂದು ಹೋಲಿಕೆ ಬರುತ್ತದೆ. ಕ್ರಿಸ್ತನನ್ನು ಹೆಲಿಕಾಪ್ಟರಿನಂತೆ ಮೇಲಿನಿಂದ ಇಳಿಸುವ ದೇವಶಾಸ್ತ್ರ ಎಷ್ಟು ಸದ್ದು ಮಾಡುತ್ತದೆ, ಎಷ್ಟು ಧೂಳೆಬ್ಬಿಸುತ್ತದೆ ಎಂದರೆ ಇಳಿದುಬರುವ ದೈವವೇ ಸುತ್ತಲಿನವರಿಗೆ ಕಾಣುವುದಿಲ್ಲ. ಎತ್ತಿನ ಗಾಡಿಯಂಥ ದೇವಶಾಸ್ತ್ರದ ಚಕ್ರಗಳು ಮಾತ್ರ ಸದಾ ಏಷ್ಯಾದ ಮಣ್ಣುದಾರಿಗೆ ತಾಗಿರುತ್ತವೆ. ಕನ್ನಡನಾಡಿನ ದೇವಶಾಸ್ತ್ರಜ್ಞರೊಬ್ಬರು ಜಗತ್ತಿನ ಕ್ರೈಸ್ತಚಿಂತನೆಗೆ ಕೊಟ್ಟ ಇಷ್ಟು ದೊಡ್ಡ ಕೊಡುಗೆ ಕನ್ನಡದ ಓದುಗರಿಗೆ ಅಪರಿಚಿತವಾಗಿಯೇ ಉಳಿದಿರುವುದು ನೋವಿನ ಸಂಗತಿ.

ಸಮರ್ಥರನ್ನು ಪೂರ್ತಿ ಒಪ್ಪಲು ಮಾತ್ರ ನನಗೆ ಆಗುವುದಿಲ್ಲ. ಕ್ರಿಸ್ತನ ಕೆಲಸ ತನಗೆ ತಿಳಿದಷ್ಟಕ್ಕೇ ಸೀಮಿತವೆಂದು ಹೇಳುವ ಹಕ್ಕು ಕ್ರೈಸ್ತನಿಗಿಲ್ಲ ಎಂಬ ಅವರ ಮಾತು ಸರಿ. ಆದರೆ ಎಲ್ಲ ಧರ್ಮಗಳೂ ಒಂದೇ ನಿಗೂಢ ಪರತತ್ತ್ವಕ್ಕೆ ಕೊಟ್ಟ ಪ್ರತಿಕ್ರಿಯೆಗಳೆಂದು ಅವರು ಮುಂದುವರಿದಾಗ ಹಿಕ್‌ನ ರಾಜಪೀಠವೇ ಅದ್ವೈತದ ಉಡುಪಿನಲ್ಲಿ ಮರಳಿ ಬರುತ್ತದೆ. ದೇವರು ನಿಗೂಢನೆಂಬುದು ಕ್ರೈಸ್ತರಿಗೂ ಹೊಸತಲ್ಲ. ಆದರೆ ಆ ನಿಗೂಢತೆ ಗಲಿಲಾಯದ ಒಬ್ಬ ಬಡಗಿಯ ಮುಖದಲ್ಲಿ ತನ್ನನ್ನು ತೋರಿಸಿಕೊಂಡಿತು ಎಂಬುದೇ ಅವರ ಸುದ್ದಿ. ಆ ಮುಖವನ್ನು ಹಲವು ಸಂಕೇತಗಳಲ್ಲಿ ಒಂದೆಂದು ಇಳಿಸಿದರೆ ಶಿಲುಬೆಗೇರಿದವನನ್ನು ನಂಬುವುದಕ್ಕೆ ಕಾರಣವೇ ಇರುವುದಿಲ್ಲ. ತನ್ನ ಅಧಿಕಾರವನ್ನು ಬರಿದು ಮಾಡಿಕೊಂಡು ಶಿಷ್ಯರ ಕಾಲು ತೊಳೆದ ದೇವರನ್ನು ನಂಬುವವನಿಗೆ, ಇತರರ ಮೇಲೆ ಯಜಮಾನಿಕೆ ನಡೆಸದಿರಲು ಪರತತ್ತ್ವದ ಸಿದ್ಧಾಂತ ಬೇಕಿಲ್ಲ. ಆ ನಂಬಿಕೆಯೇ ಸಾಕು.

ಇತರ ಧರ್ಮದ ಒಳ್ಳೆಯವರನ್ನೆಲ್ಲ ಗುಟ್ಟಾಗಿ ಕ್ರಿಸ್ತನವರೆಂದು ಕರೆಯುವುದು ಅವರಿಗೆ ಮಾಡುವ ಅವಮಾನವಲ್ಲವೇ? ಜರ್ಮನ್ ಜೆಸ್ವಿಟ್ ಕಾರ್ಲ್ ರಾನರ್ 'ಅನಾಮಿಕ ಕ್ರೈಸ್ತರು' ಎಂಬ ಮಾತನ್ನು ಬಳಕೆಗೆ ತಂದಾಗಿನಿಂದ ಈ ಟೀಕೆ ನಿಂತಿಲ್ಲ, ನಿಲ್ಲಬೇಕಾದ್ದೂ ಅಲ್ಲ. ಆದರೆ ಪ್ರತಿಯೊಂದು ಧರ್ಮವೂ ಇತರರನ್ನು ಓದುವುದು ತನ್ನ ಕಣ್ಣಿನಿಂದಲೇ. ಕಾಂಚೀಪುರದ ರಾಮಕೃಷ್ಣ ಆಶ್ರಮದ ಸಂನ್ಯಾಸಿಗಳೊಂದಿಗೆ ಕುಳಿತು ಉಪನಿಷತ್ತನ್ನೂ ಯೋಹಾನನ ಸುವಾರ್ತೆಯನ್ನೂ ಓದುತ್ತಿದ್ದ ನ್ಯೂಬಿಗಿನ್, ಅಲ್ಲಿನ ಸಭಾಂಗಣದ ಗುರುಗಳ ಚಿತ್ರಗಳ ಸಾಲಿನಲ್ಲಿ ಯೇಸುವಿನದೂ ಇತ್ತು, ಕ್ರಿಸ್‌ಮಸ್ ದಿನ ಅದಕ್ಕೆ ಪೂಜೆ ಸಲ್ಲುತ್ತಿತ್ತು ಎಂದು ನೆನೆದಿದ್ದಾರೆ. ಅದೂ ಇನ್ನೊಬ್ಬರ ದೈವವನ್ನು ತಮ್ಮ ಮನೆಯ ಕ್ರಮಕ್ಕೆ ಸೇರಿಸಿಕೊಂಡದ್ದೇ. ಇದರಲ್ಲಿ ಅವಮಾನ ಹುಟ್ಟುವುದು ನಾನು ಓದಬಹುದು, ನನ್ನನ್ನು ಮಾತ್ರ ಯಾರೂ ಓದಬಾರದು ಎಂದಾಗ. ಜಪಾನಿನ ದಾರ್ಶನಿಕ ಕೇಜಿ ನಿಶಿತಾನಿ, ನಿಮ್ಮನ್ನು ನಾನು ಅನಾಮಿಕ ಝೆನ್ ಬೌದ್ಧರೆಂದು ಭಾವಿಸಿದರೆ ಹೇಗೆ ಎಂದು ರಾನರ್‌ರನ್ನು ಕೇಳಿದ್ದರು. ನಿಮ್ಮ ದೃಷ್ಟಿಯಿಂದ ಹಾಗೆ ಭಾವಿಸುವುದೇ ಸರಿ, ನನಗದು ಗೌರವ ಎಂದು ರಾನರ್ ಉತ್ತರಿಸಿದರು. ಆ ಮಾತುಕತೆಯಲ್ಲಿ ಇಬ್ಬರೂ ತಮ್ಮ ನಂಬಿಕೆಯಿಂದ ಕದಲಲಿಲ್ಲ, ಒಬ್ಬರನ್ನೊಬ್ಬರು ಕೀಳಾಗಿಯೂ ಕಾಣಲಿಲ್ಲ. ಕಾರ್ಲ್ ಬಾರ್ತ್‌ನಂಥ ಕಟ್ಟಾ ಪ್ರೊಟೆಸ್ಟೆಂಟ್ ಕೂಡ, ಧರ್ಮವೆಂಬುದು ದೇವರನ್ನು ವಶಮಾಡಿಕೊಳ್ಳುವ ಮನುಷ್ಯನ ಯತ್ನವೆಂದು ಖಂಡಿಸಿದಾಗ ಆ ಖಂಡನೆ ಎಲ್ಲರಿಗಿಂತ ಮೊದಲು ಕ್ರೈಸ್ತಧರ್ಮಕ್ಕೇ ಸಲ್ಲುತ್ತದೆಂದು ಹೇಳಿದ್ದ.

ಭಾರತದಲ್ಲಿ ಇದಕ್ಕಿಂತ ಕಠಿಣವಾದ ಆಕ್ಷೇಪವೊಂದಿದೆ, ಅದು ದಲಿತ ಕ್ರೈಸ್ತರದು. ಎಲ್ಲ ಧರ್ಮಗಳೂ ಒಳ್ಳೆಯವೇ, ಆದ್ದರಿಂದ ಹುಟ್ಟಿದ ಧರ್ಮದಲ್ಲೇ ಇರು ಎಂಬ ಮಾತು ಎಲ್ಲರಿಗೂ ಒಂದೇ ತೂಕದಲ್ಲಿ ಬೀಳುವುದಿಲ್ಲ. 1935ರಲ್ಲಿ ಯೇವಲಾದಲ್ಲಿ ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದಾಗ, ಬಟ್ಟೆ ಬದಲಿಸಿದಂತೆ ಧರ್ಮ ಬದಲಿಸಲಾಗದೆಂದು ಆಕ್ಷೇಪಿಸಿದವರು ಸರ್ವಧರ್ಮ ಸಮಭಾವದ ಗಾಂಧೀಜಿ. ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯನವರೊಂದಿಗೆ ಅವರಿಗಿದ್ದ ಭಿನ್ನಾಭಿಪ್ರಾಯವೂ ಇದೇ: ಸಾಮೂಹಿಕವಾಗಿ ಚರ್ಚು ಸೇರುತ್ತಿದ್ದ ಅಸ್ಪೃಶ್ಯರು ಅರಿತೇ ಸೇರುತ್ತಿದ್ದಾರೆಂದು ಅಜರಯ್ಯ ನಂಬಿದ್ದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರ ಹೊರಟಿತು. ಭಾರತೀಯ ಕ್ರೈಸ್ತ ಚಿಂತಕರು ವೇದಾಂತದೊಂದಿಗೆ ಮಾತಾಡುತ್ತ ಕೂತರು, ಚರ್ಚಿನ ಬೆಂಚುಗಳಲ್ಲಿ ಕುಳಿತ ಜನ ಯಾವುದನ್ನು ತೊರೆದು ಬಂದರೆಂದು ಕೇಳಲಿಲ್ಲ ಎಂಬುದು ಅವರ ದೂರು. ಈ ದೂರಿಗೆ ಸಂವಾದದ ಪರವಾದ ನಮ್ಮಂಥವರು ತಲೆಬಾಗಲೇಬೇಕು. ಧರ್ಮಗಳ ನಡುವೆ ಸಮಾನತೆ ತಂದು ಧರ್ಮದೊಳಗಿನ ಮನುಷ್ಯನನ್ನು ಹುಟ್ಟಿಗೆ ಕಟ್ಟಿಹಾಕುವ ಬಹುತ್ವ ಸುವಾರ್ತೆಗೆ ಒಗ್ಗುವುದಿಲ್ಲ. ಬದಲಾಗುವ ಸ್ವಾತಂತ್ರ್ಯ ಎಲ್ಲಿಲ್ಲವೋ ಅಲ್ಲಿರುವುದು ಬೇಲಿ ಹಾಕಿದ ಜಾತಿಗಳೇ. ಅದೇ ಸ್ವಾತಂತ್ರ್ಯ ಕ್ರೈಸ್ತಧರ್ಮವನ್ನು ಬಿಟ್ಟುಹೋಗುವವನಿಗೂ ಇರಬೇಕು, ಚರ್ಚಿನೊಳಗೆ ಇನ್ನೂ ಜಾತಿ ಉಳಿದಿರುವಾಗ ಹಾಗೆ ಹೋಗಲು ಅವನಿಗೆ ಕಾರಣವೂ ಇದ್ದೀತು.

ಕೃಪೆ ಗಡಿಯಾಚೆಗೂ ಇದ್ದರೆ ಸಾರುವುದೇಕೆ ಎಂಬ ಪ್ರಶ್ನೆಗೆ ಹೆಚ್ಚು ಹೇಳಬೇಕಿಲ್ಲ. ನರಕದಿಂದ ಎಳೆದು ತರಲೆಂದೇ ಸಾರುವವನಿಗೆ ಕಾರಣ ತಪ್ಪುತ್ತದೆ ನಿಜ. ಕಂಡದ್ದನ್ನು ಹೇಳದೆ ಇರಲಾಗದವನಿಗೆ ತಪ್ಪುವುದಿಲ್ಲ.

ಇಷ್ಟಾದ ಮೇಲೂ ಉಳಿಯುವ ಗಂಟೊಂದಿದೆ. 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಅಲ್ ಅಜ್ಹರ್‌ನ ಮಹಾ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಸಹಿ ಹಾಕಿದ ಹೇಳಿಕೆ, ಧರ್ಮ, ಬಣ್ಣ, ಲಿಂಗ, ಜನಾಂಗ, ಭಾಷೆಗಳ ವೈವಿಧ್ಯವನ್ನು ದೇವರು ತನ್ನ ಜ್ಞಾನದಲ್ಲಿ ಬಯಸಿದ್ದಾನೆಂದಿತು. ಸಂಪ್ರದಾಯಸ್ಥರು ಕೆರಳಿದರು, ಕೆಲವು ವಾರಗಳ ನಂತರ ಪೋಪ್, ದೇವರು ಬಯಸುವುದಕ್ಕೂ ಆಗಗೊಡುವುದಕ್ಕೂ ವ್ಯತ್ಯಾಸ ಮಾಡುವ ಹಳೆಯ ದೇವಶಾಸ್ತ್ರವನ್ನು ನೆನಪಿಸಿ ಸಮಾಧಾನಪಡಿಸಿದರು. ಆದರೆ ಬಣ್ಣವನ್ನೂ ಭಾಷೆಯನ್ನೂ ದೇವರು ಬರಿದೇ ಸಹಿಸಿಕೊಂಡಿದ್ದಾನೆಂದು ಯಾರೂ ಹೇಳಲಾರರು, ಧರ್ಮ ಇರುವುದು ಅದೇ ಸಾಲಿನಲ್ಲಿ. ಧರ್ಮಗಳು ಭಾಷೆಗಳಂತಲ್ಲ, ಅವು ಒಂದನ್ನೊಂದು ಅಲ್ಲಗಳೆಯುತ್ತವೆ ಎಂಬ ಪ್ರತಿವಾದ ನ್ಯಾಯವಾದದ್ದು. ಯೇಸು ಶಿಲುಬೆಯ ಮೇಲೆ ಸತ್ತದ್ದು ಕ್ರೈಸ್ತರ ನಂಬಿಕೆಯ ಜೀವ, ಸಾಯಲಿಲ್ಲವೆಂಬುದು ಕುರ್‌ಆನಿನ ಮಾತು. ಎರಡೂ ನಿಜವಾಗಿರಲಾರವು, ಇದನ್ನು ಮುಚ್ಚಿಡುವ ಸಂವಾದ ಸಂವಾದವಲ್ಲ. ಆದರೆ ಇಂಥ ವಿರೋಧವನ್ನು ಇಟ್ಟುಕೊಂಡೇ ಚರ್ಚು ಒಂದು ಧರ್ಮದೊಂದಿಗೆ ಈಗಾಗಲೇ ಬಾಳುತ್ತಿದೆ. ಯೇಸು ಮೆಸ್ಸೀಯನೆಂಬುದನ್ನು ಯೆಹೂದ್ಯರು ಎರಡು ಸಾವಿರ ವರ್ಷದಿಂದ ಒಪ್ಪಿಲ್ಲ. ಆದರೂ ಅವರಿಗೆ ಕೊಟ್ಟ ವಾಗ್ದಾನವನ್ನು ದೇವರು ಹಿಂತೆಗೆದಿಲ್ಲವೆಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಮೂರು ಅಧ್ಯಾಯಗಳಷ್ಟು ತಿಣುಕಿ ಹೇಳುತ್ತಾನೆ. 2015ರ ಡಿಸೆಂಬರಿನಲ್ಲಿ ವ್ಯಾಟಿಕನ್ನಿನ ದಾಖಲೆಯೊಂದು, ಕ್ರಿಸ್ತ ಎಲ್ಲರ ರಕ್ಷಕನೆಂದು ಸಾರುತ್ತಲೇ, ಯೆಹೂದ್ಯರನ್ನು ಮತಾಂತರಿಸುವ ಸಂಘಟಿತ ಕಾರ್ಯವನ್ನು ಕ್ಯಾಥೊಲಿಕ್ ಚರ್ಚು ಮಾಡುವುದೂ ಇಲ್ಲ, ಬೆಂಬಲಿಸುವುದೂ ಇಲ್ಲವೆಂದಿತು. ಎರಡೂ ಒಟ್ಟಿಗೆ ಹೇಗೆ ನಿಜವೆಂಬುದನ್ನು ದೇವರ ನಿಗೂಢಕ್ಕೆ ಬಿಟ್ಟಿತು. ಯೆಹೂದ್ಯರ ವಿಷಯ ಬೇರೆ, ಅವರೊಂದಿಗೆ ಒಂದೇ ಶಾಸ್ತ್ರವಿದೆ ಎನ್ನುವುದು ಸರಿಯೇ. ಆದರೆ ಆ ಶಾಸ್ತ್ರದಲ್ಲೇ, ಆಮೋಸನ 9ನೇ ಅಧ್ಯಾಯದಲ್ಲಿ, ತಾವಷ್ಟೇ ಆಯ್ದ ಜನವೆಂದು ಬೀಗಿದವರಿಗೆ ದೇವರು ಕೇಳುವ ಪ್ರಶ್ನೆಯೊಂದಿದೆ: ಐಗುಪ್ತದಿಂದ ಇಸ್ರಾಯೇಲರನ್ನು ಕರೆತಂದ ತಾನೇ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನೆಲದಿಂದ ಕರೆತರಲಿಲ್ಲವೇ ಎಂದು. ಅವರೊಂದಿಗೆ ಆತನ ನಡೆ ಹೇಗಿತ್ತೆಂದು ಪ್ರವಾದಿ ವಿವರಿಸುವುದಿಲ್ಲ, ಆ ಜನರ ಶಾಸ್ತ್ರಗಳು ಇಸ್ರಾಯೇಲಿಗೆ ಗೊತ್ತಿರಲಿಲ್ಲ. ನಮ್ಮ ನೆರೆಯವರ ಶಾಸ್ತ್ರಗಳು ನಮಗೆ ಗೊತ್ತಿವೆ. ಯೆಹೂದ್ಯರ ವಿಷಯದಲ್ಲಿ ತೋರಿದ ಆ ಸಂಯಮವನ್ನು ಈ ನೆರೆಯವರ ವಿಷಯದಲ್ಲೂ ತೋರಲು ಅಡ್ಡಿಯೇನೆಂದು ಚರ್ಚು ಇನ್ನೂ ಹೇಳಬೇಕಾಗಿದೆ.